ಅಪ್‌ಡೇಟ್: ಹಳೆ ಕಂಪ್ಯೂಟರ್ ತಾನಾಗೇ ಆಫ್ ಆಗ್ತಿದ್ದ ಸಮಸ್ಯೆ ಬಗೆಹರಿಯಿತು

ವಿಡಿಯೋ ಹಾಕಿದರೆ ಡಿಸ್‌ಪ್ಲೇ ಡ್ರೈವರ್ (ಗ್ರಾಫಿಕ್ಸ್ ಕಾರ್ಡ್ ನಡೆಸೋ ಸಾಫ್ಟ್‌ವೇರ್) ನಿಂತುಹೋಗಿ, ಸ್ವಲ್ಪ ಹೊತ್ತಿಗೆ ಇಡೀ ಸಿಸ್ಟಮ್ಮೇ ಆಫ್ ಆಗುತ್ತೆ ಅಂತ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ಡ್ರೈವರ್ ಅಲ್ಲ, ಪವರ್ ಸಪ್ಲೈ, ಅಂದ್ರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡೋ ಪೆಟ್ಟಿಗೆ.

ನೀವು ಹೇಳಿದಂತೆ ಮೊದಲು ಸೇಫ್ ಮೋಡ್‌ನಲ್ಲಿ (ಅಗತ್ಯ ಇರೋದಷ್ಟೇ ಓಡೋ ಮೋಡ್) ಹಳೆ ಗ್ರಾಫಿಕ್ಸ್ ಡ್ರೈವರನ್ನು ಪೂರ್ತಿ ತೆಗೆದು ಹೊಸದಾಗಿ ಹಾಕಿದೆ. ಎರರ್ ಮೆಸೇಜ್ ಕಡಿಮೆಯಾಯಿತು, ಆಫ್ ಆಗೋದು ನಿಲ್ಲಲಿಲ್ಲ. ವಿಂಡೋಸ್ ತನ್ನ ಎರರ್‌ಗಳನ್ನು ಬರೆದಿಡೋ ಈವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲವೂ ಕರ್ನಲ್-ಪವರ್ 41 ಅನ್ನೋ ಎರರ್. ಅದು ಸರಿಯಾಗಿ ಶಟ್‌ಡೌನ್ ಆಗಿಲ್ಲ ಅಂತಷ್ಟೇ ಹೇಳುತ್ತೆ, ಯಾಕೆ ಅಂತ ಹೇಳಲ್ಲ. ಅದೊಂದನ್ನೇ ನಂಬಿ ಯಾವ ಪಾರ್ಟನ್ನೂ ಬದಲಾಯಿಸಬೇಡಿ.

ಸುಳಿವು ಕೊಟ್ಟಿದ್ದು ವೋಲ್ಟೇಜ್ ಅಳೆಯೋ ಮಲ್ಟಿಮೀಟರ್. ಪವರ್ ಸಪ್ಲೈಯಿಂದ ಬರೋ 12 ವೋಲ್ಟ್ ಲೈನು 11.4ಕ್ಕಿಂತ ಕೆಳಗಿಳಿಯಬಾರದು. ಸಿಸ್ಟಮ್ ಸುಮ್ಮನಿದ್ದಾಗ ಸರಿಯಾಗೇ ಇತ್ತು. ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಬಿದ್ದ ಕೂಡಲೇ 11.1ಕ್ಕೆ ಕುಸಿಯಿತು. ಲೋಡ್ ಕೊಟ್ಟೇ ಅಳೆಯಿರಿ ಅಂದವರಿಗೆ ಮನಸಾರೆ ಧನ್ಯವಾದ. ಹೊಸ ಪವರ್ ಸಪ್ಲೈ ಹಾಕಿದ ಮೇಲೆ ಒಂದು ಸಲವೂ ಆಫ್ ಆಗಿಲ್ಲ. ಹಳೇದನ್ನು ಮಾತ್ರ ಬಿಚ್ಚೋಕೆ ಹೋಗಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ಚಾರ್ಜ್ ಉಳಿದಿರಬಹುದು.

ಕಂಪ್ಯೂಟರಿನ ಟೈಮ್ ಮತ್ತೆ ಮತ್ತೆ ಹಿಂದಕ್ಕೆ ಹೋಗ್ತಿದ್ದುದು ಬೇರೆ ವಿಷಯ. ಆಫ್ ಇದ್ದಾಗಲೂ ಗಡಿಯಾರ ನಡೆಸೋ ಮದರ್‌ಬೋರ್ಡಿನ ಸಿಆರ್ 2032 ಬಟನ್ ಸೆಲ್ ಬದಲಾಯಿಸಿದೆ, ಸರಿಹೋಯಿತು.