ಸಹಾಯ ಬೇಕು: ಒಳಾಂಗಣ ವಿನ್ಯಾಸದ ತರಗತಿಗೆ ಎಐ ತರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಒಳಾಂಗಣ ವಿನ್ಯಾಸದ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಬರೆದು ಕೇಳಿದ ಚಿತ್ರವನ್ನು ರಚಿಸಿಕೊಡುವ ಮಿಡ್‌ಜರ್ನಿಯಂಥ ಎಐ ಸಾಧನಗಳನ್ನು ಮಕ್ಕಳು ಹೇಗೂ ಮೊಬೈಲ್‌ನಲ್ಲಿ ಬಳಸುತ್ತಿದ್ದಾರೆ. ಕದ್ದುಮುಚ್ಚಿ ಬಳಸುವುದಕ್ಕಿಂತ ಕಲಿತು ಬಳಸಲಿ ಎಂಬುದು ನನ್ನ ನಿಲುವು.

ತೊಡಕಿರುವುದು ಅಳತೆಯಲ್ಲಿ. 30×40 ಅಡಿ ನಿವೇಶನದ ಮನೆಗೆ ಅಡುಗೆಮನೆ ಕೇಳಿದರೆ ಬರುವ ಚಿತ್ರ ಕಣ್ಣಿಗೆ ಹಬ್ಬ. ಆದರೆ ಗ್ರೈಂಡರ್ ಇಡಲು ಜಾಗವಿಲ್ಲ, ಸಿಂಕ್‌ನ ನೀರು ಎತ್ತ ಹೋಗುತ್ತದೆಂದು ತಿಳಿಯದು, ಸಿಲಿಂಡರ್ ಅಂತೂ ಇಲ್ಲವೇ ಇಲ್ಲ. ಈ ಸಾಧನಗಳು ಕಲಿತಿರುವುದು ಚಿತ್ರಗಳನ್ನು ನೋಡಿ, ನಕ್ಷೆಯ ಮಿಲಿಮೀಟರ್‌ಗಳನ್ನಲ್ಲ. ಎಐ ಬಿಡಿಸುವ ಚಿತ್ರದ ಆಕಾರವನ್ನು ಹಿಡಿತದಲ್ಲಿಡಲು 2023ರಲ್ಲಿ ಬಂದ ಕಂಟ್ರೋಲ್‌ನೆಟ್ ಎಂಬ ಸಾಧನಕ್ಕೆ ಕೈಯಲ್ಲಿ ಬರೆದ ರೇಖಾಚಿತ್ರವನ್ನೇ ಆಧಾರವಾಗಿ ಕೊಡಬಹುದು. ಮೊದಲು ಪ್ಲಾನ್, ಸೆಕ್ಷನ್ (ಕಟ್ಟಡವನ್ನು ಸೀಳಿದಂತೆ ತೋರಿಸುವ ನಕ್ಷೆ) ಬರೆಸಿ ಆಮೇಲೆ ಅದಕ್ಕೆ ಹೋಗುವುದೇ ಸರಿಯಾದ ಕ್ರಮ ಎಂದು ನಂಬಿದ್ದೇನೆ. ಆದರೆ ಅದಕ್ಕೆ ಬೇಕಾದ ಗ್ರಾಫಿಕ್ಸ್ ಕಾರ್ಡ್ ನಮ್ಮ ಲ್ಯಾಬ್‌ನಲ್ಲಿಲ್ಲ.

ಖರ್ಚಿಲ್ಲದೆ ಇದನ್ನು ಕಲಿಸಿದವರಿದ್ದರೆ ದಾರಿ ತೋರಿಸಿ. ಅಂಕ ಹೇಗೆ ಕೊಡುತ್ತೀರಿ? ಚಿತ್ರಕ್ಕಿಂತ, ಅದರಲ್ಲಿನ ತಪ್ಪು ಹುಡುಕಿ ತಿದ್ದಿದ್ದಕ್ಕೆ ಹೆಚ್ಚು ಅಂಕ ಇಡಬೇಕೆಂದಿದ್ದೇನೆ. ಇನ್ನೊಂದು ಮಾತು: ಪಾವಗಡ, ಶಿರಾ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಇಂಗ್ಲಿಷಿನಲ್ಲಿ ಪ್ರಾಂಪ್ಟ್ (ಎಐಗೆ ಕೊಡುವ ಸೂಚನೆ) ಬರೆಯಲು ಹಿಂಜರಿಯುತ್ತಾರೆ, ಅವರ ಕೈಯ ರೇಖೆ ಮಾತ್ರ ಬಹಳ ಚೆನ್ನಾಗಿದೆ. ಕನ್ನಡದಲ್ಲೇ ಸೂಚನೆ ಕೊಟ್ಟು ಕೆಲಸ ಮಾಡಿಸಿದವರು ದಯವಿಟ್ಟು ವಿವರವಾಗಿ ಬರೆಯಿರಿ.