ಅಪ್ಪನ ನಿವೃತ್ತಿ ಹಣ 10.75% ಬಾಂಡ್‌ಗೆ ಹಾಕಬಹುದಾ?

ಪ್ರಶ್ನೆ: ಸರ್, ಅಪ್ಪನಿಗೆ 62 ವರ್ಷ. ಪೆನ್ಷನ್ ಇಲ್ಲ. ನಿವೃತ್ತಿಯಲ್ಲಿ ಬಂದ 40 ಲಕ್ಷ ಬ್ಯಾಂಕ್ ಎಫ್‌ಡಿಯಲ್ಲಿದೆ. ಪರಿಚಯದ ಏಜೆಂಟ್ ಒಬ್ಬರು ಫೈನಾನ್ಸ್ ಕಂಪನಿಯೊಂದರ ಎನ್‌ಸಿಡಿ (ಕಂಪನಿ ನಮ್ಮಿಂದ ಸಾಲ ಪಡೆಯುವ ಒಂದು ಬಗೆಯ ಬಾಂಡ್) ತೋರಿಸಿದ್ದಾರೆ. ಐದು ವರ್ಷ, 10.75% ಬಡ್ಡಿ, ತಿಂಗಳು ತಿಂಗಳು ಅಕೌಂಟಿಗೆ ಬರುತ್ತದಂತೆ. ಸಾಲ ತೀರಿಸುವ ಶಕ್ತಿಗೆ 'ಎ' ರೇಟಿಂಗ್, ಸೆಕ್ಯೂರ್ಡ್ (ಕಂಪನಿಯ ಆಸ್ತಿಯ ಭದ್ರತೆ ಇದೆ) ಅಂತೆ. ಎಫ್‌ಡಿ ಮುರಿಸಿ ಪೂರ್ತಿ ಹಾಕಿ ಅನ್ನುತ್ತಿದ್ದಾರೆ. ಅಪ್ಪನಿಗೂ ಮನಸ್ಸಾಗಿದೆ.

ಉತ್ತರ (ಹೂಡಿಕೆ ಸಲಹೆಗಾರ): ಪೂರ್ತಿ ಹಾಕುವ ಮಾತೇ ಬೇಡ ಮೇಡಂ. ಏಜೆಂಟ್ ಎಫ್‌ಡಿ ಬಡ್ಡಿ ಪಕ್ಕದಲ್ಲಿ ಇದನ್ನಿಟ್ಟು ತೋರಿಸಿರುತ್ತಾರೆ. ನೀವು ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಪಕ್ಕ ಇಟ್ಟು ನೋಡಿ. ಅಲ್ಲಿ 8.2% ಇದೆ, ಐದು ವರ್ಷ, ಒಬ್ಬರಿಗೆ 30 ಲಕ್ಷದವರೆಗೆ. ಕೊಡುವುದು ಸರ್ಕಾರ. 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ, ಅಂದರೆ ತಿಂಗಳಿಗೆ 20,500.

ಈಗ ಲೆಕ್ಕ ನೋಡಿ. 10 ಲಕ್ಷಕ್ಕೆ ಎನ್‌ಸಿಡಿಯಲ್ಲಿ ಜಾಸ್ತಿ ಸಿಗುವುದು ವರ್ಷಕ್ಕೆ 25,500. ಅದೂ ತೆರಿಗೆಗೆ ಮುಂಚೆ. ಅಷ್ಟಕ್ಕಾಗಿ 10 ಲಕ್ಷದ ಅಸಲನ್ನೇ ಒಂದು ಕಂಪನಿಯ ಕೈಗೆ ಕೊಡುತ್ತೀರಿ. ಬ್ಯಾಂಕ್ ಠೇವಣಿಗೆ ಬ್ಯಾಂಕಿಗೊಂದರಂತೆ 5 ಲಕ್ಷದವರೆಗೆ ವಿಮೆ ಇದೆ, ಬಾಂಡ್‌ಗೆ ಅಂಥದ್ದು ಏನೂ ಇಲ್ಲ.

ಪ್ರಶ್ನೆ: ಆದರೆ ಸೆಕ್ಯೂರ್ಡ್ ಅಂತ ಇದೆಯಲ್ಲ ಸರ್? ರೇಟಿಂಗೂ ಇದೆ.

ಉತ್ತರ: ಸೆಕ್ಯೂರ್ಡ್ ಅಂದರೆ ಕಂಪನಿ ಮುಳುಗಿದಾಗ ಹಣ ವಾಪಸ್ ಕೇಳುವವರ ಸಾಲಿನಲ್ಲಿ ನೀವು ಸ್ವಲ್ಪ ಮುಂದೆ ನಿಂತಿರುತ್ತೀರಿ, ಅಷ್ಟೇ. ಹಣ ಯಾವಾಗ ಬರುತ್ತದೆ, ಎಷ್ಟು ಬರುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ಮನೆ ಸಾಲ ಕೊಡುತ್ತಿದ್ದ ಡಿಎಚ್‌ಎಫ್‌ಎಲ್ ಕಂಪನಿ ನೆನಪಿದೆಯಾ? 2019ರ ಶುರುವಿನಲ್ಲಿ ಅದಕ್ಕೆ ಟ್ರಿಪಲ್ ಎ, ಅಂದರೆ ಎಲ್ಲಕ್ಕಿಂತ ಮೇಲಿನ ರೇಟಿಂಗ್ ಇತ್ತು. ಜೂನ್‌ನಲ್ಲಿ ಬಡ್ಡಿ ಕಟ್ಟಲಿಲ್ಲ. ಪಿರಾಮಲ್ ಕಂಪನಿ ಅದನ್ನು ಕೊಂಡು ಮುಗಿಸಿದ್ದು 2021ರಲ್ಲಿ. ಎನ್‌ಸಿಡಿ ಇದ್ದವರು ಎರಡು ವರ್ಷ ಕಾದು, ಕೊನೆಗೂ ಪೂರ್ತಿ ಹಣ ಕಾಣಲಿಲ್ಲ. ಮೂಲಸೌಕರ್ಯ ಯೋಜನೆಗಳಿಗೆ ಹಣ ಒದಗಿಸುತ್ತಿದ್ದ ಐಎಲ್‌ಎಫ್‌ಎಸ್ ಕಥೆ ಇನ್ನೂ ಚುರುಕು: 2018ರ ಆಗಸ್ಟ್‌ನಲ್ಲಿ ಟ್ರಿಪಲ್ ಎ, ಸೆಪ್ಟೆಂಬರ್‌ನಲ್ಲಿ 'ಡಿ', ಅಂದರೆ ಸಾಲ ಕಟ್ಟಲಾಗದ ಸ್ಥಿತಿ. ನಿಮ್ಮ ಏಜೆಂಟ್ ತಂದಿರುವುದು ಬರೀ 'ಎ'. ಟ್ರಿಪಲ್ ಎ, ಡಬಲ್ ಎ ಎರಡೂ ಅದಕ್ಕಿಂತ ಮೇಲೆ. ಮಾರ್ಕ್ಸ್ ಕಾರ್ಡಿನ 'ಎ' ಅಂತ ತಿಳಿಯಬೇಡಿ!

ಇನ್ನೊಬ್ಬ ಸದಸ್ಯರು: ಹಾಗಾದರೆ ಬ್ಯಾಂಕಿನದ್ದೇ ಬಾಂಡ್ ಸೇಫ್ ಅಲ್ವಾ?

ಉತ್ತರ: ಯಾವ ಬಾಂಡ್ ಅನ್ನುವುದರ ಮೇಲೆ ಹೋಗುತ್ತದೆ ಸರ್. 'ಎಟಿ-1' (ಬ್ಯಾಂಕ್ ಕಷ್ಟಕ್ಕೆ ಸಿಕ್ಕಿದರೆ ಸೊನ್ನೆ ಮಾಡಬಹುದಾದ ಬಾಂಡ್) ಅಂತಿದ್ದರೆ ದೂರ ಇರಿ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನ 8,415 ಕೋಟಿಯ ಎಟಿ-1 ಬಾಂಡ್‌ಗಳನ್ನು ಸೊನ್ನೆ ಮಾಡಿಬಿಟ್ಟರು. ಅದೇ ಬ್ಯಾಂಕಿನ ಎಫ್‌ಡಿದಾರರಿಗೆ ಕೆಲವು ದಿನ ಹಣ ತೆಗೆಯಲು ಮಿತಿ ಇತ್ತು, ಆದರೆ ಅಸಲಿಗೆ ಏನೂ ಆಗಲಿಲ್ಲ. ವ್ಯಾಜ್ಯ ಕೋರ್ಟಿಗೂ ಹೋಯಿತು.

ಪ್ರಶ್ನೆ: ಸರಿ ಸರ್. ಆದರೂ ಅಪ್ಪ ಬಿಡುತ್ತಿಲ್ಲ. ಸ್ವಲ್ಪ ಹಾಕಲೇಬೇಕು ಅಂದರೆ?

ಉತ್ತರ: ಮೊದಲು 30 ಲಕ್ಷ ಪೋಸ್ಟ್ ಆಫೀಸಿಗೆ. ಎಫ್‌ಡಿ ಮುರಿಸಿದರೆ ದಂಡ ಎಷ್ಟು ಅಂತ ಕೇಳಿಕೊಳ್ಳಿ, ಅವಧಿ ಹತ್ತಿರ ಇದ್ದರೆ ಸುಮ್ನೆ ಕಾಯಿರಿ. ಆಸ್ಪತ್ರೆ ಖರ್ಚಿಗೆ ಅಂತ 5 ಲಕ್ಷ ಎಫ್‌ಡಿಯಲ್ಲೇ ಇರಲಿ. ಉಳಿದದ್ದರಲ್ಲಿ ಎರಡು ಮೂರು ಲಕ್ಷ ಬೇಕಾದರೆ ಬಾಂಡ್‌ಗೆ ಹಾಕಿ, ಅದನ್ನೂ ಒಂದೇ ಕಂಪನಿಗಲ್ಲ. ಡಬಲ್ ಎ ಅಥವಾ ಮೇಲಿನದ್ದು, ಎರಡು ಮೂರು ವರ್ಷದ್ದು, ಎಕ್ಸ್‌ಚೇಂಜಿನಲ್ಲಿ ಲಿಸ್ಟ್ ಆಗಿರುವುದು. ಲಿಸ್ಟ್ ಆಗಿದ್ದರೂ ಬೇಕಾದ ದಿನ ಮಾರಬಹುದು ಅಂದುಕೊಳ್ಳಬೇಡಿ. ಎಷ್ಟೋ ಬಾಂಡ್‌ಗಳಿಗೆ ಕೊಳ್ಳುವವರೇ ಇರುವುದಿಲ್ಲ. ಬಡ್ಡಿದರ ಏರಿದ್ದರೆ ಬೆಲೆಯೂ ಇಳಿದಿರುತ್ತದೆ: 9% ಕೊಡುವ 1,000 ರೂಪಾಯಿಯ ಐದು ವರ್ಷದ ಬಾಂಡ್, ಮಾರುಕಟ್ಟೆ ದರ 10% ಆದಾಗ ಸುಮಾರು 962ಕ್ಕೆ ಹೋಗುತ್ತದೆ. ಅವಧಿ ಮುಗಿಯುವ ತನಕ ಇಟ್ಟುಕೊಳ್ಳಲು ಆಗದ ಹಣವನ್ನು ಹಾಕಲೇಬೇಡಿ.

ಪ್ರಶ್ನೆ: ಏಜೆಂಟ್ ನಾಳೆ ಮನೆಗೆ ಬರುತ್ತಾರೆ. ಏನು ಕೇಳಲಿ?

ಉತ್ತರ: ಆಫರ್ ಡಾಕ್ಯುಮೆಂಟ್ ಕೇಳಿ. ಬಣ್ಣದ ಪಾಂಪ್ಲೆಟ್ ಸಾಕಾಗುವುದಿಲ್ಲ. ಅದರಲ್ಲಿ ರಿಸ್ಕ್ ಬಗ್ಗೆ ಕಂಪನಿಯೇ ಬರೆದ ಪುಟಗಳಿರುತ್ತವೆ, ಅಪ್ಪನಿಗೆ ಓದಿ ಹೇಳಿ. ಆಮೇಲೆ ಏಜೆಂಟರಿಗೆ ಕಮಿಷನ್ ಎಷ್ಟು ಬರುತ್ತದೆ ಅಂತಲೂ ಕೇಳಿ. ಚೆಕ್ ಮಾತ್ರ ನಾಳೆಯೇ ಬರೆಯಬೇಡಿ.