ಝಡ್‌ಓಎಸ್ 2.5ರಿಂದ ಮುಂದೆ: 3.1ಕ್ಕೋ, ನೇರ 3.2ಕ್ಕೋ?

ಶಿರಸಿಯಿಂದ ಬಂದ ಪ್ರಶ್ನೆ:

ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಮೇನ್‌ಫ್ರೇಮ್ ಸಿಸ್ಟಂ ಕೆಲಸ ಮಾಡ್ತೇನೆ. ನಮ್ಮದು ಐಬಿಎಂನ ಝಡ್15 ಯಂತ್ರ, ಅದರ ಮೇಲೆ ಓಡೋ ಆಪರೇಟಿಂಗ್ ಸಿಸ್ಟಂ ಝಡ್‌ಓಎಸ್ 2.5. ಅದರ ಬೆಂಬಲ 2026ರ ಸೆಪ್ಟೆಂಬರ್‌ಗೆ ಮುಗೀತದೆ. ಇಷ್ಟು ವರ್ಷ ಅಪ್‌ಗ್ರೇಡ್ ನೋಡಿಕೊಂಡವರು ನಿವೃತ್ತರಾದರು, ಈ ಸಲ ನನ್ನ ತಲೆ ಮೇಲೆ ಬಂದಿದೆ. 3.1ಕ್ಕೆ ಹೋಗಲೋ, 3.2ಕ್ಕೋ? ಮಾಡಿದವರು ಹೇಳಿ.

ಕುಮಟಾದಿಂದ:

ನೇರ 3.2ಕ್ಕೆ ಹೋಗಿ. ನಿಮ್ಮೂರ ಮಾರಿಕಾಂಬಾ ಜಾತ್ರೆಯ ಹಾಗೆ ಝಡ್‌ಓಎಸ್ ಕೂಡ ಎರಡು ವರ್ಷಕ್ಕೊಮ್ಮೆ ಬರುತ್ತದೆ: 2.5 ಬಂದದ್ದು 2021ರಲ್ಲಿ, 3.1 2023ರಲ್ಲಿ, 3.2 2025ರಲ್ಲಿ. ಪ್ರತಿಯೊಂದಕ್ಕೂ ಐದು ವರ್ಷ ಬೆಂಬಲ. ನಡುವಿನ ಒಂದನ್ನು ಬಿಟ್ಟು ಮುಂದಿನದಕ್ಕೆ ಹಾರಲು ಐಬಿಎಂ ಅನುಮತಿ ಇದೆ. 3.2ಕ್ಕೆ ಕನಿಷ್ಠ ಝಡ್15 ಬೇಕು, ಅದು ನಿಮ್ಮಲ್ಲಿದೆ. ಝಡ್14 ಇದ್ದಿದ್ದರೆ 3.1ರಲ್ಲೇ ನಿಲ್ಲಬೇಕಿತ್ತು.

ಆದರೆ ನಿಮ್ಮ ನಿದ್ದೆ ಕೆಡಿಸುವುದು ವರ್ಷನ್ ನಂಬರ್ ಅಲ್ಲ. 1964ರ ಸಿಸ್ಟಂ/360 ಕಾಲದ 24 ಬಿಟ್ ವಿಳಾಸದ ಪ್ರೋಗ್ರಾಂ ಇವತ್ತೂ ಓಡುವಷ್ಟು ಜತನದಿಂದ ಈ ಓಎಸ್ ಹಳೆಯದನ್ನು ಕಾಪಾಡಿಕೊಂಡು ಬಂದಿದೆ. ಮುರಿಯುವುದು ನಮ್ಮ ಕಂಪನಿಯಲ್ಲೇ ಬರೆದ ಎಕ್ಸಿಟ್‌ಗಳು, ಅಂದರೆ ಓಎಸ್‌ನ ನಡವಳಿಕೆ ಬದಲಿಸಲು ಅದರೊಳಗೆ ಸೇರಿಸಿದ ಸಣ್ಣ ಪ್ರೋಗ್ರಾಂಗಳು. ನನ್ನ ಮೊದಲ ಅಪ್‌ಗ್ರೇಡಿನಲ್ಲಿ ಆದದ್ದು ಇದೇ. ಶನಿವಾರ ರಾತ್ರಿ ಎರಡಕ್ಕೆ ಐಪಿಎಲ್ (ಸಿಸ್ಟಂ ಬೂಟ್) ಮಾಡಿದೆವು. ಸಿಸ್ಟಂ ಎದ್ದಿತು, ಕನ್ಸೋಲಿನಲ್ಲಿ ಸಾಲು ಸಾಲು ಸಂದೇಶ ಹರಿಯಿತು, ಬ್ಯಾಚ್ ಜಾಬ್ ಮತ್ತು ಪ್ರಿಂಟ್ ನೋಡಿಕೊಳ್ಳುವ ಜೆಇಎಸ್2 ಹತ್ತಿರ ಬಂದು ನಿಂತೇ ಹೋಯಿತು. ಪ್ರಿಂಟ್ ಔಟ್‌ಪುಟ್‌ಗೆ ಯಾರೋ ಹಿಂದೆ ಬರೆದಿದ್ದ ಜೆಇಎಸ್2 ಎಕ್ಸಿಟ್ ಒಂದಿತ್ತು. ಹೊಸ ವರ್ಷನ್ನಿನ ಮ್ಯಾಕ್ರೋಗಳೊಂದಿಗೆ ಅದನ್ನು ಮತ್ತೆ ಅಸೆಂಬಲ್ ಮಾಡಬೇಕಿತ್ತು, ನಾವು ಹಳೇ ಲೋಡ್ ಮಾಡ್ಯೂಲನ್ನೇ (ಓಡಲು ಸಿದ್ಧವಿರುವ ರೂಪ) ಎತ್ತಿ ತಂದಿದ್ದೆವು. ಮೂಲ ಕೋಡ್ ಸಿಗಲಿಲ್ಲ. ಬೆಳಗಿನ ನಾಲ್ಕಕ್ಕೆ ಹಳೇ ಓಎಸ್ ಇರುವ ಸಿಸ್‌ರೆಸ್ ಡಿಸ್ಕಿನಿಂದ ಐಪಿಎಲ್ ಮಾಡಿ ಹಿಂದಕ್ಕೆ ಬಂದೆವು.

ಹಾಗಾಗಿ ಮೊದಲ ವಾರ ಹೊಸದೇನನ್ನೂ ಓದಬೇಡಿ. ನಿಮ್ಮಲ್ಲಿರುವ ಎಕ್ಸಿಟ್‌ಗಳೆಷ್ಟು, ಪ್ರತಿಯೊಂದರ ಮೂಲ ಎಲ್ಲಿದೆ, ಅದು ಅಸೆಂಬಲ್ ಆಗುತ್ತದೆಯೋ, ಇಷ್ಟನ್ನೇ ನೋಡಿ. ಆಮೇಲೆ 2.5ರ ಮೇಲೆ ಕೋಎಗ್ಸಿಸ್ಟೆನ್ಸ್ ಪಿಟಿಎಫ್‌ಗಳನ್ನು, ಅಂದರೆ ಹಳೇ ಮತ್ತು ಹೊಸ ವರ್ಷನ್ ಒಟ್ಟಿಗೆ ಕೆಲಸ ಮಾಡಲು ಬೇಕಾದ ಫಿಕ್ಸ್‌ಗಳನ್ನು, ಹಾಕಿ. ಯಾವುದು ಬಾಕಿ ಎಂದು ಫಿಕ್ಸ್ ಹಾಕುವ ಸಾಧನ ಎಸ್‌ಎಂಪಿ/ಇಯ ರಿಪೋರ್ಟ್ ಮಿಸ್ಸಿಂಗ್‌ಫಿಕ್ಸ್ ಕಮಾಂಡ್ ಪಟ್ಟಿ ಕೊಡುತ್ತದೆ. ಸಿಸ್‌ಪ್ಲೆಕ್ಸ್ (ಒಂದಾಗಿ ಕೆಲಸ ಮಾಡುವ ಹಲವು ಸಿಸ್ಟಂಗಳ ಗುಂಪು) ಇದ್ದರೆ ಒಂದೊಂದೇ ಸಿಸ್ಟಂ ಏರಿಸಬಹುದು, ಉಳಿದವು 2.5ರಲ್ಲೇ ಕೆಲಸ ಮಾಡುತ್ತಿರುತ್ತವೆ. ಕೆಲಸದ ಹೆಜ್ಜೆಗಳಿಗೆ ಬ್ರೌಸರಿನಲ್ಲಿ ಓಡುವ ನಿರ್ವಹಣಾ ಸಾಧನ ಝಡ್‌ಓಎಸ್‌ಎಂಎಫ್‌ನ ಅಪ್‌ಗ್ರೇಡ್ ವರ್ಕ್‌ಫ್ಲೋ ಬಳಸಿ. ಮೊದಲ ಸಲ ಮಾಡುವವರಿಗೆ ಅದು ಪಕ್ಕದಲ್ಲಿ ಹಿರಿಯರು ಕೂತ ಹಾಗೆ. ಜೆಇಎಸ್2ರ ಬದಲು ಜೆಇಎಸ್3 ಬಳಸುತ್ತಿದ್ದರೆ ಮಾತ್ರ ಮೊದಲೇ ಎಚ್ಚರ: ಐಬಿಎಂ ಅದನ್ನು ಕೊಟ್ಟದ್ದು 2.5ರವರೆಗೆ ಮಾತ್ರ.

ಹೊಸ ಸೌಲಭ್ಯಗಳು ಒಳ್ಳೆಯವೇ. 3.1ರಿಂದ ಡೇಟಾಸೆಟ್‌ಗಳನ್ನು (ಮೇನ್‌ಫ್ರೇಮ್‌ನ ಫೈಲುಗಳು) ಯುನಿಕ್ಸ್ ಫೈಲುಗಳ ಹಾಗೆ ಪಾತ್ ಕೊಟ್ಟು ಓದಬಹುದು. ಜಾಬ್‌ಗಳನ್ನು ಓಡಿಸುವ ಬ್ಯಾಚ್ ಇನಿಶಿಯೇಟರ್ ಎಷ್ಟು ಬೇಕೆಂದು ವರ್ಕ್‌ಲೋಡ್ ಮ್ಯಾನೇಜರ್ ಎಐ ಬಳಸಿ ಮೊದಲೇ ಅಂದಾಜು ಮಾಡಬಲ್ಲದು. ಆದರೆ ಹಿಂದಕ್ಕೆ ಬರುವ ಅಗತ್ಯ ಇನ್ನಿಲ್ಲ ಎಂದು ಖಾತ್ರಿಯಾಗುವ ತನಕ ಯಾವುದನ್ನೂ ಆನ್ ಮಾಡಬೇಡಿ. ಇದೊಂದು ಮಾತ್ರ ದಯವಿಟ್ಟು ಕೇಳಿ.

ಕಾರವಾರದಿಂದ:

ಮೇಲಿನದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ಮನೆಯಿಂದ ಮಾಡುವವರಿಗೆ ನನ್ನದೊಂದು ಸೇರಿಸುತ್ತೇನೆ. ಜುಲೈ ಮಳೆಯಲ್ಲಿ ನಮ್ಮಲ್ಲಿ ಕರೆಂಟೂ ಫೈಬರೂ ಒಟ್ಟಿಗೆ ಹೋಗುವುದು ನಿಮಗೆ ಗೊತ್ತೇ ಇದೆ. ಒಮ್ಮೆ ಟಿಎಸ್‌ಓ ಪರದೆಯಲ್ಲೇ (ಸಿಸ್ಟಂಗೆ ನೇರ ಲಾಗಾನ್ ಆಗುವ ಕಡೆ) ಅಪ್ಲೈ, ಅಂದರೆ ಫಿಕ್ಸ್ ಹಾಕುವ ಎಸ್‌ಎಂಪಿ/ಇ ಕಮಾಂಡ್, ಓಡಿಸುತ್ತಿದ್ದಾಗ ಲೈನ್ ಹೋಯಿತು, ಎಲ್ಲಿಯವರೆಗೆ ಆಗಿದೆ ಎಂದು ತಿಳಿಯಲು ಅರ್ಧ ರಾತ್ರಿ ಬೇಕಾಯಿತು. ಅಂದಿನಿಂದ ಎಲ್ಲವನ್ನೂ ಬ್ಯಾಚ್ ಜಾಬ್ ಮಾಡಿಯೇ ಕಳಿಸುತ್ತೇನೆ, ಅದಕ್ಕೂ ಮೊದಲು ಏನನ್ನೂ ಬದಲಿಸದೆ ಪರೀಕ್ಷಿಸುವ ಅಪ್ಲೈ ಚೆಕ್. ನಮ್ಮ ಲೈನ್ ಹೋದರೂ ಜಾಬ್ ಅಲ್ಲಿ ಓಡುತ್ತಲೇ ಇರುತ್ತದೆ. ಮತ್ತೆ ಒಳಗೆ ಹೋಗುವಾಗ ನಿಮ್ಮ ಐಡಿ ಬಳಕೆಯಲ್ಲಿದೆ ಎಂದು ತಡೆದರೆ ಲಾಗಾನ್ ಪರದೆಯ ರೀಕನೆಕ್ಟ್ ಮುಂದೆ ಎಸ್ ಒತ್ತಿ.

ನಿಮ್ಮದು ಝಡ್15 ಆದ್ದರಿಂದ ಸಿಸ್ಟಂ ರಿಕವರಿ ಬೂಸ್ಟ್ (ಸ್ವಲ್ಪ ಹೊತ್ತು ಹೆಚ್ಚುವರಿ ವೇಗ ಕೊಡುವ ಸೌಲಭ್ಯ) ಇರುತ್ತದೆ. ಐಪಿಎಲ್ ಆದ ಮೇಲೆ 60 ನಿಮಿಷ, ಶಟ್‌ಡೌನಿಗೆ 30 ನಿಮಿಷ. ವೇಗ ಕಡಿಮೆ ಮಾಡಿಟ್ಟ ಪ್ರೊಸೆಸರ್‌ಗಳು ಆಗ ಪೂರ್ತಿ ವೇಗದಲ್ಲಿ ಓಡುತ್ತವೆ, ಕೆಲವು ಬಗೆಯ ಕೆಲಸಕ್ಕೆಂದೇ ಇರುವ ಝಿಪ್ ಪ್ರೊಸೆಸರ್‌ಗಳೂ ಸಾಮಾನ್ಯ ಕೆಲಸಕ್ಕೆ ಕೈ ಹಾಕುತ್ತವೆ. ಸಾಫ್ಟ್‌ವೇರ್ ಬಿಲ್ ಅದಕ್ಕಾಗಿ ಏರುವುದಿಲ್ಲ. ರಾತ್ರಿಯ ಲೆಕ್ಕ ಹಾಕುವಾಗ ಆ 60 ನಿಮಿಷವನ್ನು ಹಿಡಿದಿಟ್ಟುಕೊಳ್ಳಿ.

ಹೊನ್ನಾವರದಿಂದ:

ನಾನು ಕೋಬಾಲ್ ಕಡೆಯವಳು. ಓಎಸ್ ಜೊತೆಗೇ ಕಂಪೈಲರನ್ನೂ ಬದಲಿಸುವ ಆಸೆ ಬೇಡ. ನಾವು 4.2ರಿಂದ 6ಕ್ಕೆ ಹೋದಾಗ ಹಳೇ ಫೈಲುಗಳ ಝೋನ್ಡ್ ಡೆಸಿಮಲ್ (ಒಂದೊಂದು ಅಂಕಿಗೆ ಒಂದು ಬೈಟ್) ಅಂಕಿಗಳಲ್ಲಿ ಕಸ ತುಂಬಿತ್ತು. ಹಿಂದಿನ ಕಂಪೈಲರಿನಲ್ಲಿ ಹೇಗೋ ನಡೆದುಹೋದ ಹೋಲಿಕೆಗಳು ಹೊಸದರಲ್ಲಿ ಬೇರೆ ಉತ್ತರ ಕೊಟ್ಟವು. ಅಬೆಂಡ್ ಆಗಿ ಪ್ರೋಗ್ರಾಂ ನಡುವೆ ನಿಂತಿದ್ದರೆ ಗೊತ್ತಾಗುತ್ತಿತ್ತು. ಇದು ಸದ್ದಿಲ್ಲದೆ ತಪ್ಪು ಲೆಕ್ಕ. ಒಂದೇ ಶನಿವಾರ ಎರಡೂ ಬದಲಿಸಿದ್ದರೆ ತಪ್ಪು ಯಾರದೆಂದು ಇನ್ನೂ ಹುಡುಕುತ್ತಿರುತ್ತಿದ್ದೆವು.

ಶಿರಸಿಯಿಂದ ಮತ್ತೆ:

ಎಲ್ಲರಿಗೂ ಧನ್ಯವಾದ. ಇವತ್ತು ಇಡೀ ದಿನ ಕೂತು ಎಕ್ಸಿಟ್ ಪಟ್ಟಿ ಮಾಡಿದೆ. ಹನ್ನೊಂದು ಸಿಕ್ಕಿವೆ. ಒಂಬತ್ತರ ಮೂಲ ಇದೆ, ಎರಡರದು ಇಲ್ಲ. ನಾಳೆ ಬೆಳಿಗ್ಗೆ ನಿವೃತ್ತರಾದವರಿಗೆ ಫೋನ್ ಮಾಡುತ್ತೇನೆ.